ಹಲ್ಲಿನ ಹೆಪ್ಪು

ಪ್ರೊಫೆಸರ್ ಶ್ರೀಪಾದ ಕೊಪ್ಪರ ಬಾಯಿ ತೆರೆದುಕೊಂಡು ಕೂತಿದ್ದರು. ಡಾಕ್ಟರ್ ದಾಕ್ಷಾಯಣಿ ಹಂಚಿನಮನಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಧಾರವಾಡದ ಆ ದಂತ ಕಾಲೇಜಿನ ಎರಡನೇ ಮಹಡಿಯಲ್ಲಿ ಹತ್ತು ನಿಮಿಷದಿಂದ ಇದೇ ನಡೆದಿತ್ತು. ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದ ಮನುಷ್ಯನಿಗೆ ಹತ್ತು ನಿಮಿಷ ಸುಮ್ಮನಿರುವುದು ಸಣ್ಣ ಶಿಕ್ಷೆಯೇನಲ್ಲ. ಕೊನೆಗೆ ಅವರೇ ಅವಳ ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ಪಕ್ಕಕ್ಕೆ ಸರಿಸಿದರು.

"ಏನರೆ ಹೇಳ್ರಿ ಡಾಕ್ಟ್ರ. ಚೊಲೋದಿದ್ರ ಚೊಲೋದು, ಕೆಟ್ಟಿದ್ರ ಕೆಟ್ಟದ್ದು."

"ಕಚ್ಚು ಬಿದ್ದೇತ್ರಿ ಸರ್," ಎಂದಳು ದಾಕ್ಷಾಯಣಿ.

"ಅದನ್ನ ಹೇಳಲಿಕ್ಕೇ ನಾ ಬಂದೇನಿ. ಅದು ಯಾಕ ಬಿತ್ತು ಅಂತ ನೀವು ಹೇಳಬೇಕು."

ಅವಳಿಗೆ ಗೊತ್ತಿರಲಿಲ್ಲ. ಐದು ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂರಿಸಿಕೊಂಡು, ತುದಿ ಮುರಿದಿದ್ದ ಅವರ ಮುಂದಿನ ಹಲ್ಲಿಗೆ ಅವಳೇ ರಾಳ ಕೂರಿಸಿದ್ದಳು. ಆಗ ಅಂಚು ಗೆರೆ ಎಳೆದಂತೆ ನೇರವಾಗಿತ್ತು. ಈಗ ಆ ಅಂಚಿನ ನಡುವಿನಿಂದ ಎಡಕ್ಕೆ, ಎಳ್ಳುಕಾಳಿನಷ್ಟು ದೂರದಲ್ಲಿ, ಅರ್ಧ ಮಿಲಿಮೀಟರ್ ಅಗಲದ ಸಣ್ಣ ಕಚ್ಚು. ಮುರಿದಿರಲಿಲ್ಲ, ಹುಳುಕು ಹಿಡಿದಿರಲಿಲ್ಲ. ಯಾರೋ ಕೂತು ನಯವಾಗಿ ಅರದಿಂದ ತಿಕ್ಕಿದಂತಿತ್ತು.

"ಉಗುರು ಕಡೀತೀರೇನ್ರಿ? ಪೆನ್ನು? ಕಲ್ಲಂಗಡಿ ಬೀಜ?"

"ಏನೂ ಇಲ್ಲ. ಆದ್ರ ಒಂದು ಮಾತು ಹೇಳ್ಲೇನು? ನಗಬಾರದು." ಮೇಷ್ಟ್ರು ದನಿ ತಗ್ಗಿಸಿದರು. "ಈ ಕಚ್ಚು ಬಿದ್ದಾಗಿಂದ ನನಗ ಗುಂಡಿ ಹಚ್ಚೋ ಹುಚ್ಚು ಹತ್ಯದ. ಮನಿಯೊಳಗಿನ ಅಷ್ಟೂ ಅಂಗಿ ಗುಂಡಿ ಬಿಗಿ ಮಾಡೇನಿ. ದಾರ ಈ ಕಚ್ಚಿನಾಗ ಹ್ಯಾಂಗ ಕೂಡ್ತದ ಅಂತೀರಿ! ಪಟ್ಟಂತ ಹರೀತದ. ನಮ್ಮ ಮನಿಯಾಕಿ ನನ್ನನ್ನ ಒಂದು ನಮೂನಿ ನೋಡ್ಲಿಕ್ಕೆ ಹತ್ಯಾಳ."

ದಾಕ್ಷಾಯಣಿ ನಗಲಿಲ್ಲ. ಅವಳಿಗೆ ನಗು ಬರುವ ಸ್ಥಿತಿಯೂ ಇರಲಿಲ್ಲ, ಯಾಕೆಂದರೆ ಹೊರಗಿನ ಬೆಂಚಿನ ಮೇಲೆ ವನಮಾಲಾ ಸವಣೂರ ಕಾಯುತ್ತಿದ್ದಳು. ವನಮಾಲಾ ರೇಡಿಯೋದಲ್ಲಿ ವಾರ್ತೆ ಓದುವವಳು. ಅವಳ ಹಲ್ಲಿಗೆ ರಾಳ ಹಾಕಿ ನಾಲ್ಕು ತಿಂಗಳಾಗಿತ್ತು. ಈಚೆಗೆ ಅವಳು 'ಸರಕಾರ' ಎಂದಾಗಲೆಲ್ಲ ಹಲ್ಲಿನ ಸಂದಿಯಿಂದ ಸಣ್ಣ ಸಿಳ್ಳೆ ಬರುತ್ತಿತ್ತು. ಸ್ಟುಡಿಯೋದಲ್ಲಿ ಗುಬ್ಬಿ ಸೇರಿಕೊಂಡಿದೆಯೇ ಎಂದು ಕೇಳಿ ಶ್ರೋತೃಗಳಿಂದ ಆಗಲೇ ಮೂರು ಪತ್ರ ಬಂದಿದ್ದವು. ಅವಳ ಹಲ್ಲಿನಲ್ಲೂ ಅಷ್ಟೇ ಅಗಲದ ಕಚ್ಚು, ಎಡಕ್ಕೆ ಅಷ್ಟೇ ದೂರದಲ್ಲಿ.

ಇಲ್ಲಿ ಆ ರಾಳದ ವಿಷಯ ಸ್ವಲ್ಪ ಹೇಳಬೇಕು. ಮುರಿದ ಹಲ್ಲಿಗೆ ಬಣ್ಣ ಹೊಂದಿಸಿ ಕಾಂಪೋಸಿಟ್ ರಾಳ ಕೂರಿಸುವುದು ಹೊಸ ವಿದ್ಯೆಯೇನಲ್ಲ. ಹಲ್ಲಿನ ಮೇಲ್ಮೈಯನ್ನು ಜೆಲ್ ಹಚ್ಚಿ ತುಸು ಒರಟು ಮಾಡಿ, ಕಣಕದಂಥ ರಾಳವನ್ನು ಪದರು ಪದರಾಗಿ ಇಟ್ಟು, ಒಂದೊಂದು ಪದರನ್ನೂ ನೀಲಿ ದೀಪ ಹಿಡಿದು ಗಟ್ಟಿ ಮಾಡಿ, ಕೊನೆಗೆ ಮಿರಿಮಿರಿ ಮೆರುಗು ಕೊಟ್ಟರೆ ಹಲ್ಲು ಮುರಿದಿತ್ತೆಂದು ಹೆತ್ತವಳಿಗೂ ತಿಳಿಯುವುದಿಲ್ಲ. ಕೊರೆಯುವ ಯಂತ್ರವನ್ನು ಮುಟ್ಟುವಂತೆಯೇ ಇಲ್ಲ. ತೊಂದರೆ ಒಂದೇ: ನಾಲ್ಕೈದು ವರ್ಷಕ್ಕೆ ರಾಳ ಸವೆಯುತ್ತದೆ, ಕಲೆ ಹಿಡಿಯುತ್ತದೆ, ಮತ್ತೆ ಮಾಡಿಸಬೇಕು.

ದಾಕ್ಷಾಯಣಿ ಆ ರಾಳಕ್ಕೆ ಜೀವ ಬೆರೆಸಿದ್ದಳು. ಸುಣ್ಣಕಲ್ಲಿನ ಬಿರುಕುಗಳಲ್ಲಿ ಬದುಕುವ ಒಂದು ಬಡಪಾಯಿ ಸೂಕ್ಷ್ಮಜೀವಿ. ಯಾರಿಗೂ ಕೇಡು ಬಗೆಯದ್ದು. ಅದು ರಾಳದೊಳಗೆ ಕೂತು ಎಂಜಲಿನಲ್ಲಿರುವ ಸುಣ್ಣವನ್ನು ಹೆಕ್ಕಿಕೊಂಡು, ಎಲ್ಲಿ ಸವೆಯಿತೋ ಅಲ್ಲಿ ತುಂಬುತ್ತಿತ್ತು. ಅಗಿಯುವಾಗ ಹಲ್ಲಿನ ಮೇಲೆ ಬೀಳುವ ಒತ್ತಡವನ್ನು ನೋಡಿ ಎಲ್ಲಿ ದಪ್ಪ ಬೇಕು, ಎಲ್ಲಿ ತೆಳು ಸಾಕು ಎಂದು ತಾನೇ ಕಲಿಯುತ್ತಿತ್ತು. ಅವಳು ಅದಕ್ಕೆ ಜೀವರಾಳ ಎಂದು ಹೆಸರಿಟ್ಟಳು. ಅದರ ಮೂಲದ್ರವ ಪ್ರಯೋಗಾಲಯದ ಒಂದು ಗಾಜಿನ ಭರಣಿಯಲ್ಲಿ, ಮೈಶಾಖದಷ್ಟೇ ಬೆಚ್ಚಗೆ, ಸದಾ ಇರುತ್ತಿತ್ತು. ಅದರಿಂದ ಚೂರು ತೆಗೆದು ಹೊಸ ರಾಳಕ್ಕೆ ಬೆರೆಸಿದರೆ ಆಯಿತು.

ಮೂರು ವರ್ಷದ ಹಿಂದೆ ಮೊದಲು ತನ್ನ ಹಲ್ಲಿಗೇ ಹಾಕಿಕೊಂಡಳು. ಒಂದೂವರೆ ವರ್ಷದ ಹಿಂದೆ ಅವ್ವನ ಹಲ್ಲಿಗೆ ಹಾಕಿದಳು. ಆರು ತಿಂಗಳ ಹಿಂದೆ ಪರವಾನಗಿ ಬಂದು, ಇಪ್ಪತ್ತನಾಲ್ಕು ಜನ ಊರವರು ಮುಂದೆ ಬಂದರು. ಪ್ರತಿಯೊಬ್ಬರಿಗೂ ಅವಳು ಒಂದೇ ಮಾತು ಕೊಟ್ಟಿದ್ದಳು: ನಿಮ್ಮ ಹಲ್ಲಿನ ಒಂದು ಕಣವನ್ನೂ ನಾನು ಕೊರೆಯುವುದಿಲ್ಲ, ಈಗಲೂ ಇಲ್ಲ, ಮುಂದೂ ಇಲ್ಲ. ಆ ಮಾತನ್ನು ನಂಬಿಯೇ ಅವರು ಬಾಯಿ ತೆರೆದಿದ್ದರು.

ಅವತ್ತು ಸಂಜೆ ದಾಕ್ಷಾಯಣಿ ಮನೆಗೆ ಬಂದಾಗ ಅವ್ವ ಬಸಲಿಂಗವ್ವ ಪಡಸಾಲೆಯಲ್ಲಿ ಕೂತು ಕಸೂತಿ ಹಾಕುತ್ತಿದ್ದಳು. ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನ ಮೇಲೆ ಆನೆಯ ಸಾಲು, ಅದರ ಮೇಲೆ ತುಳಸಿಕಟ್ಟೆ. ಐವತ್ತು ವರ್ಷದಿಂದ ಹಾಕುತ್ತ ಬಂದ ಕೈ. ಗಂಡ ತೀರಿಕೊಂಡಮೇಲೆ ಮಗಳನ್ನು ಓದಿಸಿದ್ದೂ ಇದೇ ಸೂಜಿಯಿಂದ. ಗಂಟು ಹಾಕುವಂತಿಲ್ಲ, ಸೀರೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು, ಹಾಗಾಗಿ ಗಳಿಗೆಗೊಮ್ಮೆ ದಾರ ಹರಿಯಬೇಕು. ಕತ್ತರಿ ಹುಡುಕುತ್ತ ಕೂತರೆ ಕೆಲಸ ಸಾಗುವುದಿಲ್ಲವೆಂದು ಕಸೂತಿಯ ಹೆಂಗಸರೆಲ್ಲ ದಾರವನ್ನು ಹಲ್ಲಿನಿಂದಲೇ ಹರಿಯುತ್ತಾರೆ. ಹರಿದು ಹರಿದು ಬಸಲಿಂಗವ್ವನ ಮುಂದಿನ ಹಲ್ಲಿನಲ್ಲಿ ದಾರದ ಜಾಡೇ ಬಿದ್ದಿತ್ತು.

ಅದನ್ನು ಕಂಡು ಬಸಲಿಂಗವ್ವ ಯಾವತ್ತೂ ನಾಚಿದವಳಲ್ಲ. ನಾಚಿದ್ದು ಮಗಳು. ಘಟಿಕೋತ್ಸವದ ಫೋಟೋದಲ್ಲಿ ಅವ್ವ ಬಾಯಿ ತುಂಬ ನಕ್ಕಿದ್ದಳು, ಹಲ್ಲಿನ ಡಾಕ್ಟರರ ತಾಯಿಯ ಹಲ್ಲೇ ಹೀಗೆ ಎಂದು ಗೆಳತಿಯೊಬ್ಬಳು ಚೇಷ್ಟೆ ಮಾಡಿದ್ದಳು. ಅದು ದಾಕ್ಷಾಯಣಿಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿದು, ಕೊನೆಗೆ ಒಂದು ದಿನ ಅವ್ವನನ್ನು ಕೂರಿಸಿ ಕಚ್ಚು ಮುಚ್ಚಿಬಿಟ್ಟಳು. ಕೊರಳಿಗೆ ದಾರ ಕಟ್ಟಿ ಒಂದು ಸಣ್ಣ ಕತ್ತರಿಯನ್ನೂ ತೂಗುಹಾಕಿದಳು.

"ಊಟಕ್ಕ ನೀಡ್ಲೇನು? ಮಾರಿ ಯಾಕ ಹಿಂಗ ಸಣ್ಣ ಮಾಡೀದಿ?" ಎಂದಳು ಅವ್ವ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು.

"ಹಲ್ಲಿನ್ಯಾಗ ಕಚ್ಚು ಬೀಳಾಕ ಹತ್ತ್ಯಾವವ್ವ. ಒಬ್ಬರಿಗಲ್ಲ, ಇಬ್ಬರಿಗೆ. ಒಂದ ಜಾಗಾದಾಗ."

ಅವ್ವ ಸೂಜಿ ನಿಲ್ಲಿಸಿದಳು. ಏನೋ ಹೇಳುವವಳಂತೆ ಕಂಡಳು. ಆಮೇಲೆ, "ರೊಟ್ಟಿ ಆರತಾವ, ಏಳು," ಎಂದಳು. ಅವ್ವ ಈಚೆಗೆ ನಗುವಾಗ, ಮಾತಾಡುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ ಎನ್ನುವುದನ್ನು ದಾಕ್ಷಾಯಣಿ ನೋಡಿದ್ದಳು, ಆದರೆ ಗಮನಿಸಿರಲಿಲ್ಲ. ಊರವರ ಬಾಯಲ್ಲಿ ಕಣ್ಣಿಟ್ಟವಳಿಗೆ ಮನೆಯವರ ಬಾಯಿ ಕಾಣುವುದು ಹೇಗೆ?

ವಾರದೊಳಗೆ ಇಪ್ಪತ್ತನಾಲ್ಕು ಜನರನ್ನೂ ಕರೆಸಿ ಅಳೆದಳು. ಹತ್ತೊಂಬತ್ತು ಜನರಿಗೆ ಕಚ್ಚು ಬಿದ್ದಿತ್ತು, ಉಳಿದ ಐವರಿಗೆ ಬೀಳುವ ಸೂಚನೆ ಇತ್ತು. ಹಾಲಿನ ಡೇರಿಯವನಿಗೂ ಅದೇ, ಬ್ಯಾಂಕಿನವಳಿಗೂ ಅದೇ. ಒಬ್ಬರು ಬೇವಿನ ಕಡ್ಡಿಯಲ್ಲಿ ಉಜ್ಜುವವರು, ಒಬ್ಬರು ಪೇಸ್ಟಿನಲ್ಲಿ. ಒಬ್ಬರು ಎಲೆ ಅಡಿಕೆ, ಒಬ್ಬರು ಅದರ ವಾಸನೆಗೂ ಆಗದವರು. ಕುಡಿಯುವ ನೀರೂ ಬೇರೆ ಬೇರೆ. ಒಂದಕ್ಕೊಂದು ತಾಳೆಯೇ ಇಲ್ಲ.

ನೀಲಿ ದೀಪದ ತಪ್ಪಿರಬಹುದೆಂದು ದೀಪ ಬದಲಿಸಿ ನೋಡಿದಳು. ಕೈಯ ತಪ್ಪಿರಬಹುದೆಂದು ಬೇರೆ ಡಾಕ್ಟರರಿಂದ ಹಾಕಿಸಿ ನೋಡಿದಳು. ಪ್ರಯೋಗಾಲಯದ ಮೂಲೆಯಲ್ಲಿ ಒಂದು ಕೃತಕ ದವಡೆ ಇತ್ತು. ಅದು ಎಂಜಲಿನಂಥ ದ್ರವ ಸುರಿಸುತ್ತ, ಅಚ್ಚಿನ ಹಲ್ಲುಗಳನ್ನು ಬಡಬಡನೆ ಕಡಿಸುತ್ತ, ಒಂದು ತಿಂಗಳ ಬಾಯಿಕೆಲಸವನ್ನು ಎರಡು ದಿನದಲ್ಲಿ ಮಾಡಿ ಮುಗಿಸುವ ಯಂತ್ರ. ಅದರ ಹಲ್ಲುಗಳಿಗೆ ಭರಣಿಯ ಜೀವರಾಳ ಹಾಕಿ ಬಿಟ್ಟಳು. ಮೂರನೆಯ ದಿನ ತೆಗೆದು ನೋಡಿದರೆ, ಅನ್ನ ಕಾಣದ, ದಾರ ಕಾಣದ, ಮನುಷ್ಯರನ್ನೇ ಕಾಣದ ಆ ಹಲ್ಲಿನಲ್ಲೂ ನಡುವಿನಿಂದ ಎಡಕ್ಕೆ ಎಳ್ಳುಕಾಳಿನಷ್ಟು ದೂರದಲ್ಲಿ ಕಚ್ಚು!

ದಾಕ್ಷಾಯಣಿ ಮತ್ತೊಮ್ಮೆ ಅಳೆದಳು. ತಾನು ಏನನ್ನು ನೋಡುತ್ತಿದ್ದೇನೆ ಎಂಬುದೇ ಅವಳಿಗೆ ಅರ್ಥವಾಗಲಿಲ್ಲ. ಕಲಿಸುವವರು ಯಾರೂ ಇಲ್ಲದೆ ಇದು ಕಲಿತದ್ದಾದರೂ ಎಲ್ಲಿ?

ಪ್ರಿನ್ಸಿಪಾಲ್ ಹಲಗತ್ತಿಯವರು ಒಳ್ಳೆಯ ಮನುಷ್ಯ, ಆದರೆ ಅಂಜುಬುರುಕ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ನೋಡವಾ ದಾಕ್ಷಾಯಣಿ, ಇವತ್ತು ಕಚ್ಚು ಬಿತ್ತು. ನಾಳೆ ಏನ್ ಬೀಳತೈತಿ ಯಾರಿಗೆ ಗೊತ್ತು? ಪರವಾನಗಿ ಕೊಟ್ಟ ಸಮಿತಿಯವರು ಕೇಳಿದ್ರ ನಾ ಏನ್ ಹೇಳ್ಲಿ? ಒಂದ ತಿಂಗಳ ಟೈಮ್ ಕೊಡಸ್ತೀನಿ. ಅಷ್ಟರಾಗ ಚೊಕ್ಕ ಇದ್ದದ್ದು ಒಂದು ಮೂಲದ್ರವ ತೋರಸು. ಇಲ್ಲಾಂದ್ರ ಅಷ್ಟೂ ಮಂದೀದು ಕೊರದು ತಗೀಬೇಕಾಗತೈತಿ."

"ಕೊರದ್ರ ಚೊಲೋ ಹಲ್ಲೂ ಹೋಗತೈತ್ರಿ ಸರ್. ಇದು ಬೇರು ಬಿಟ್ಟಂಗ ಹಿಡಕೊಂಡೇತಿ. ನಾ ಅವರಿಗೆ ಮಾತ ಕೊಟ್ಟೇನಿ."

"ಮಾತ ನೀ ಕೊಟ್ಟೀದಿ," ಎಂದರು ಅವರು ಮೆಲ್ಲಗೆ. "ಸಹಿ ನಾ ಮಾಡೇನಿ."

ಇಪ್ಪತ್ತನಾಲ್ಕು ಬಾಯಿಗಳು. ಸಾಲಾಗಿ ಕೂರಿಸಿ, ಕೊರೆಯುವ ಯಂತ್ರ ಹಿಡಿದು, ಅವರು ನಂಬಿ ಕೊಟ್ಟ ಹಲ್ಲನ್ನು ತಾನೇ ತಿಂದುಹಾಕುವುದು. ಅದನ್ನು ನೆನೆಸಿಕೊಂಡರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ವಾರ ಹೀಗೇ ಕಳೆದು ರವಿವಾರ ಬಂತು. ದಾಕ್ಷಾಯಣಿ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಾಗದಗಳ ರಾಶಿಯ ನಡುವೆ ಕೂತಿದ್ದಳು. ಬಿಸಿಲು ಕಿಟಕಿಯಿಂದ ನೆಲಕ್ಕೆ ಇಳಿದಿತ್ತು. ಪಡಸಾಲೆಯಿಂದ ಒಂದು ಸದ್ದು ಬಂತು. ಪಟ್.

ಸ್ವಲ್ಪ ಹೊತ್ತಾದ ಮೇಲೆ ಮತ್ತೆ, ಪಟ್.

ಸಣ್ಣವಳಿದ್ದಾಗಿನಿಂದ ಅವಳು ಓದಿದ್ದೆಲ್ಲ ಆ ಸದ್ದಿನ ಜೊತೆಗೇ. ಒಂದೂವರೆ ವರ್ಷದಿಂದ ಆ ಸದ್ದು ಅವಳ ಕಿವಿಗೆ ಬಿದ್ದಿರಲಿಲ್ಲ, ಬೀಳಬಾರದಿತ್ತು. ಎದ್ದು ಬಾಗಿಲು ತೆರೆದಳು. ಬಸಲಿಂಗವ್ವ ದಾರವನ್ನು ಹಲ್ಲಿಗೆ ಕೊಟ್ಟು, ತುಸು ಕತ್ತು ವಾಲಿಸಿ, ಹರಿದಳು. ಕತ್ತರಿ ಕೊರಳಲ್ಲಿ ಸುಮ್ಮನೆ ತೂಗುತ್ತಿತ್ತು.

"ಅವ್ವಾ, ಬಾಯಿ ತಗಿ."

"ಅಯ್ಯ, ಏನವಾ, ಗಾಬರಿ ಆದ್ನಿ ನೋಡು."

"ಬಾಯಿ ತಗಿ ಅಂದೆ."

ಬಸಲಿಂಗವ್ವ ತಪ್ಪು ಮಾಡಿದ ಶಾಲೆಯ ಹುಡುಗಿಯಂತೆ ಬಾಯಿ ತೆರೆದಳು. ದಾಕ್ಷಾಯಣಿ ಚೀಲದಿಂದ ಅಳತೆಯ ಪಟ್ಟಿ ತಂದು ಹಿಡಿದಳು. ನಡುವಿನಿಂದ ಎಡಕ್ಕೆ ಎಳ್ಳುಕಾಳಿನಷ್ಟು. ಅರ್ಧ ಮಿಲಿಮೀಟರ್. ಮೇಷ್ಟ್ರ ಕಚ್ಚು. ವನಮಾಲಾಳ ಕಚ್ಚು. ಯಂತ್ರದ ಕಚ್ಚು.

"ಸಿಟ್ಟಾಗಬ್ಯಾಡ," ಎಂದಳು ಅವ್ವ. "ಕತ್ತರಿಗೆ ಕೈ ರೂಢಿ ಆಗವಲ್ದು. ಮೊದಮೊದಲು ದಾರ ಜಾರ್ತಿತ್ತು. ನಾನೂ ಬಿಡಲಿಲ್ಲ. ಮೂರ್ನಾಕ ತಿಂಗಳದಾಗ ನಿನ್ನ ರಾಳನ ಜಾಗಾ ಮಾಡಿಕೊಟ್ತು. ಶಾಣ್ಯಾ ಐತಿ ಅದು. ನೀ ಬ್ಯಾಸರ ಮಾಡ್ಕೋತಿ ಅಂತ ಸೆರಗ ಅಡ್ಡ ಹಿಡಿತಿದ್ದೆ."

"ನಿಂದು ಸರಿ. ಆದ್ರ ಊರ ಮಂದಿಗೆ ನಿನ್ನ ಕಚ್ಚು ಹ್ಯಾಂಗ ಬಂತು?" ದಾಕ್ಷಾಯಣಿ ಇದನ್ನು ಅವ್ವನಿಗೆ ಕೇಳಿದ್ದಲ್ಲ, ಗೋಡೆಗೆ ಕೇಳಿದ್ದು.

ಉತ್ತರ ಕೊಟ್ಟವಳು ಅವ್ವ. "ಕಸ್ತೂರಿ ಹೆಪ್ಪು ಒಯ್ದಿದ್ಳಲ್ಲ, ಅದರಿಂದ ಏನರೆ ಆತೇನು?"

"ಯಾವ ಹೆಪ್ಪು?"

"ಊರ ಮಂದಿಗೆ ಹಾಕೂಕಿಂತ ಮೊದಲ ನೀ ಪುಣೆಕ್ಕ ಹೋಗಿದ್ದಿ ನೋಡು, ಸಭಾ ಅಂತ. ಆವಾಗ ಬಂದಿದ್ಳು, ಮೊಸರಿನ ಬಟ್ಟಲದಂಥಾ ವಾಟಗ ಹಿಡಕೊಂಡು."

ಕಸ್ತೂರಿ ಮುದಕಣ್ಣವರ ಎಂದರೆ ಪ್ರಯೋಗಾಲಯದ ಕಸ್ತೂರಕ್ಕ. ಇಪ್ಪತ್ತೆರಡು ವರ್ಷದ ಹಿಂದೆ ಕಸ ಗುಡಿಸಲು ಬಂದವಳು, ಈಗ ಭರಣಿಯ ಯೋಗಕ್ಷೇಮವೆಲ್ಲ ಅವಳದೇ. ಅವಳ ಕೈಗೆ ಸಿಕ್ಕ ಯಾವ ಜೀವಿಯೂ ಸತ್ತದ್ದಿಲ್ಲ ಎಂದು ಕಾಲೇಜಿನಲ್ಲಿ ಹೆಸರು. ಸೋಮವಾರ ಬೆಳಿಗ್ಗೆ ದಾಕ್ಷಾಯಣಿ ಬಾಗಿಲಲ್ಲೇ ಅವಳನ್ನು ತಡೆದು ನಿಲ್ಲಿಸಿದಳು.

ಕಸ್ತೂರಕ್ಕ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂದೇ ಅವಳಿಗೆ ತಿಳಿದಿರಲಿಲ್ಲ.

"ನೀವು ಪುಣೆಕ್ಕ ಹೋದಾಗ ಎರಡು ದಿನ ಕರೆಂಟ್ ಇರಲಿಲ್ರಿ ಮೇಡಮ್. ಜನರೇಟರೂ ಕೈ ಕೊಟ್ತು. ಭರಣ್ಯಾಗಿಂದು ತಣ್ಣಗಾಗಿ ಕೆಟ್ಟು ಹೋತು, ವಾಸನಿ ಬಂತು. ನಿಮಗ ಫೋನ್ ಹಚ್ಚಿದ್ರ ಹತ್ತವಲ್ದು. ಮನ್ಯಾಗ ಹೆಪ್ಪು ಕೆಟ್ರ ಏನ್ ಮಾಡ್ತೀವ್ರಿ? ಬಾಜೂ ಮನಿಗೆ ಹೋಗಿ ಒಂದ್ ಚಮಚಾ ತರ್ತೀವಿ. ಈ ಹೆಪ್ಪು ಮತ್ತ್ಯಾರ ಮನ್ಯಾಗ ಐತಿ? ನಿಮ್ಮವ್ವಾರ ಬಾಯಾಗ. ಹೋದೆ, ಹಲ್ಲಿಂದ ಚೂರ ಕೆರಕೊಂಡು ಬಂದೆ, ಹೊಸಾ ದ್ರವದಾಗ ಬಿಟ್ಟೆ. ಮರುದಿನ ಹ್ಯಾಂಗ ಕೂತಿತ್ತಂತೀರಿ, ಗಟ್ಟಿ ಮೊಸರಿನಂಗ!"

"ನನಗ ಯಾಕ ಹೇಳಲಿಲ್ಲ?"

"ಹೆಪ್ಪು ತಂದದ್ದನ್ನ ಯಾರರೆ ಹೇಳತಾರೇನ್ರಿ?" ಎಂದಳು ಕಸ್ತೂರಕ್ಕ, ನಿಜವಾಗಿಯೂ ಆಶ್ಚರ್ಯಪಟ್ಟು.

ದಾಕ್ಷಾಯಣಿ ಸ್ಟೂಲಿನ ಮೇಲೆ ಕೂತಳು. ಬಯ್ಯುವುದಾದರೂ ಯಾವುದಕ್ಕೆ? ಭರಣಿಯ ಜೀವಿ ಸತ್ತಿದ್ದನ್ನು ಕಸ್ತೂರಕ್ಕ ಬದುಕಿಸಿದ್ದಳು. ಅಲ್ಲದೆ, ಮೂರು ವರ್ಷ ಅದರ ಜೊತೆ ಕಳೆದ ತನಗೆ ಗೊತ್ತಿಲ್ಲದ ಒಂದು ಸಂಗತಿ ಈಗ ಎದುರಿಗಿತ್ತು. ಜೀವರಾಳ ಒಂದು ಬಾಯಲ್ಲಿ ಕಲಿತದ್ದನ್ನು ಇನ್ನೊಂದು ಬಾಯಿಗೆ ಒಯ್ಯುತ್ತದೆ. ಇದು ದೊಡ್ಡ ಶೋಧವೋ, ದೊಡ್ಡ ಅನಾಹುತವೋ? ಅವಳಿಗೆ ಎರಡೂ ಅನ್ನಿಸುತ್ತಿತ್ತು, ಒಂದಾದ ಮೇಲೆ ಒಂದು.

ಅಷ್ಟರಲ್ಲಿ ಮಿಂಚಿದಂತೆ ನೆನಪಾಯಿತು. ತನ್ನ ಹಲ್ಲು! ಅದಕ್ಕೆ ಹಾಕಿದ್ದು ಮೊದಲ ಭರಣಿಯದು. ತಾನು ದಾರ ಹರಿಯುವವಳಲ್ಲ, ಉಗುರು ಕಡಿಯುವವಳಲ್ಲ, ದಿನಕ್ಕೆ ಎರಡು ಹೊತ್ತು ಪದ್ಧತಿ ಪ್ರಕಾರ ಉಜ್ಜುವವಳು. ಊರಿನಲ್ಲಿ ಚೊಕ್ಕ ಹೆಪ್ಪು ಎಲ್ಲಾದರೂ ಇದ್ದರೆ ತನ್ನ ಬಾಯಲ್ಲಿ.

"ಕಸ್ತೂರಕ್ಕ, ವಾಟಗ ತಗೊಂಡ ಬಾ," ಎಂದು ತಾನೇ ಕುರ್ಚಿಯಲ್ಲಿ ಕೂತು ಬಾಯಿ ತೆರೆದಳು.

ಎರಡು ದಿನ ಕೃತಕ ದವಡೆ ಬಡಬಡಿಸಿತು. ಆ ಎರಡು ದಿನ ದಾಕ್ಷಾಯಣಿಯ ಮುಖದಲ್ಲಿ ಕಳೆ ಬಂದಿತ್ತು. ಮೂರನೆಯ ದಿನ ಹಲ್ಲು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಕಚ್ಚು ಇರಲಿಲ್ಲ. ಹಲ್ಲಿನ ಅಂಚೇ ಇರಲಿಲ್ಲ. ತೆಳುವಾಗಿ, ಚೂಪಾಗಿ ಇಳಿಯಬೇಕಾದ ತುದಿ ಸಾಣೆಗೆ ಹಿಡಿದಂತೆ ಚಪ್ಪಟೆಯಾಗಿತ್ತು. ಹಲ್ಲಿನ ಡಾಕ್ಟರಿಗೆ ಅದನ್ನು ಯಾರೂ ವಿವರಿಸಿ ಹೇಳಬೇಕಿರಲಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುವವರ ಹಲ್ಲು ಅದು. ಚಿಂತೆ ಮಾಡುವವರದು. ಎಷ್ಟು ಜನರಿಗೆ ಅವಳೇ ಹೇಳಿರಲಿಲ್ಲ, ಮನಸಿಗೆ ಹಚ್ಚಿಕೊಳ್ಳಬೇಡಿ, ಹಲ್ಲು ಸವೆಯುತ್ತದೆ ಎಂದು?

ಕನ್ನಡಿ ತಂದು ತನ್ನ ಬಾಯಿ ನೋಡಿಕೊಂಡಳು. ಎಡಗಡೆಯ ಎಲ್ಲ ಹಲ್ಲೂ ಹಾಗೇ. ದಿನಾ ಎರಡು ಹೊತ್ತು ಉಜ್ಜುತ್ತಿದ್ದವಳು ಇದನ್ನು ಹೇಗೆ ಕಾಣಲಿಲ್ಲ?

"ಇದನ್ನ ಹಾಕಿದ್ರ," ಎಂದಳು ಕಸ್ತೂರಕ್ಕ, ಹಿಂದಿನಿಂದ ಇಣುಕಿ, "ಇಪ್ಪತ್ತನಾಕ ಮಂದಿ ಹಲ್ಲ ಬೋಳು ಆಗ್ತಾವ್ರಿ. ಅದಕ್ಕಿಂತ ನಿಮ್ಮವ್ವಾರ ಕಚ್ಚ ವಾಸಿ."

ತಿಂಗಳಲ್ಲಿ ಹನ್ನೊಂದು ದಿನ ಆಗಲೇ ಕಳೆದಿತ್ತು. ದಾಕ್ಷಾಯಣಿ ಮೇಜಿನ ಮೇಲೆ ತಲೆಯಿಟ್ಟಳು. ಚೊಕ್ಕ ಬಾಯಿ ಎಲ್ಲೂ ಇಲ್ಲ. ಪ್ರತಿ ಬಾಯಿಯೂ ತನಗೆ ತಿಳಿದದ್ದನ್ನು ಆ ಬಡಪಾಯಿ ಜೀವಿಗೆ ಕಲಿಸುತ್ತಿದೆ. ಹೊಸದಾಗಿ ಸುಣ್ಣಕಲ್ಲಿನಿಂದ ತಂದು ಪಳಗಿಸಲು ಎರಡು ವರ್ಷ ಬೇಕು. ಕೊರೆಯುವ ಯಂತ್ರ ಬಿಟ್ಟರೆ ಬೇರೆ ದಾರಿಯೇ ಅವಳಿಗೆ ಕಾಣಲಿಲ್ಲ, ಮತ್ತು ಆಗ ಅವಳಿಗೆ ಅಳು ಬಂತು.

ಕಸ್ತೂರಕ್ಕ ನೀರು ತಂದಿಟ್ಟಳು.

"ಒಂದ ಮಾತ ಹೇಳ್ಲೇನ್ರಿ ಮೇಡಮ್? ಹೆಪ್ಪು ಹುಳಿ ಆದ್ರ ಚೆಲ್ಲೂದಿಲ್ರಿ. ಅದರಾಗಿಂದು ಒಂದ ಹನಿ ತಗದು ಹೊಸಾ ಹಾಲಿಗೆ ಹಾಕಬೇಕು. ಅದು ಕೂತಮ್ಯಾಲ ಅದರಾಗಿಂದು ಒಂದ ಹನಿ ಮತ್ತ ಹೊಸಾ ಹಾಲಿಗೆ. ಮೂರ್ನಾಕ ಸಲ ಹಿಂಗ ಮಾಡಿದ್ರ ಹುಳಿ ಮರತು ಸಿಹಿ ಆಗತೈತಿ. ಇದಕ್ಕ ಯಾಕ ಆಗಬಾರ್ದು? ಹಲ್ಲ ಇರಲಾರದ ಜಾಗಾದಾಗ ಬೆಳಸ್ರಿ. ಕಲಿಸಾವ್ರು ಇಲ್ಲಾಂದ್ರ ಮರೀತೈತಿ."

ದಾಕ್ಷಾಯಣಿ ತಲೆಯೆತ್ತಿ ಅವಳನ್ನು ನೋಡಿದಳು. ಎಂಟು ವರ್ಷ ಓದಿದ್ದರಲ್ಲಿ ಈ ಮಾತು ಎಲ್ಲೂ ಇರಲಿಲ್ಲ. ಇಲ್ಲ ಎನ್ನಲು ಕಾರಣವೂ ಸಿಗಲಿಲ್ಲ.

ಎರಡು ಭರಣಿ ಇಟ್ಟರು. ಒಂದರ ಮೇಲೆ ಕಸ್ತೂರಕ್ಕ ಸುಣ್ಣದಲ್ಲಿ ಆನೆ ಬರೆದಳು, ಅದು ಬಸಲಿಂಗವ್ವನದು. ಇನ್ನೊಂದರ ಮೇಲೆ ಏನೂ ಬರೆಯಲಿಲ್ಲ, ಅದು ದಾಕ್ಷಾಯಣಿಯದು. ದಿನಕ್ಕೊಮ್ಮೆ ಹನಿ ತೆಗೆದು ಹೊಸ ದ್ರವಕ್ಕೆ ಬಿಡುವುದು, ಒಂದು ಪಾಲನ್ನು ಕೃತಕ ದವಡೆಗೆ ಕೊಟ್ಟು ನೋಡುವುದು. ಎರಡನೆಯ ಹೆಪ್ಪಿನಲ್ಲಿ ಆನೆ ಭರಣಿಯ ಕಚ್ಚು ಹಾಗೇ ಇತ್ತು. ನಾಲ್ಕನೆಯದರಲ್ಲಿ ಅರ್ಧಕ್ಕಿಳಿಯಿತು. ಏಳನೆಯದರಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಂಚು ನೇರ, ತೆಳು, ಹಾಲುಹಲ್ಲು ಬಿದ್ದ ಮೇಲೆ ಮೊದಲ ಸಲ ಬಂದ ಹಲ್ಲಿನಂತೆ.

ಇನ್ನೊಂದು ಭರಣಿಯದು ಏಳನೆಯ ಹೆಪ್ಪಿನಲ್ಲೂ ಚಪ್ಪಟೆಯಾಗೇ ಇತ್ತು.

"ಅವ್ವಂದು ಬರೇ ಒಂದೂವರಿ ವರ್ಷದ್ದು, ನಂದು ಮೂರು ವರ್ಷದ್ದು. ಅದಕ್ಕ ಇರಬೇಕು," ಎಂದಳು ದಾಕ್ಷಾಯಣಿ.

"ಇರಬಹುದ್ರಿ," ಎಂದಳು ಕಸ್ತೂರಕ್ಕ. ಒಪ್ಪಿದಂತೆ ಕಾಣಲಿಲ್ಲ.

ಕೊರೆಯಬೇಕಾಗಿ ಬರಲಿಲ್ಲ. ಹಳೆಯ ರಾಳದ ಮೇಲೆಯೇ ಆನೆ ಭರಣಿಯ ಹೊಸ ಜೀವರಾಳವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಒಂದು ಪದರು ಹಚ್ಚಿ, ನೀಲಿ ದೀಪ ಹಿಡಿದರೆ, ಎರಡು ವಾರದಲ್ಲಿ ಹೊಸದು ಹಳೆಯದಕ್ಕೆ ಬುದ್ಧಿ ಹೇಳಿ ಕಚ್ಚನ್ನು ತುಂಬಿಸುತ್ತಿತ್ತು. ಗಡುವು ಮುಗಿಯಲು ನಾಲ್ಕು ದಿನವಿದ್ದಾಗ ಹಲಗತ್ತಿಯವರು ಕೃತಕ ದವಡೆಯ ಹಲ್ಲುಗಳನ್ನು ತಾವೇ ಎಣಿಸಿ, ಕನ್ನಡಕ ಒರೆಸಿ, ನಿಟ್ಟುಸಿರುಬಿಟ್ಟು ಸಹಿ ಹಾಕಿದರು. ದಾಕ್ಷಾಯಣಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದಳು: ಹೆಪ್ಪು ಎಲ್ಲಿಂದ ಬಂತು, ಕಚ್ಚು ಯಾರದು, ತನ್ನ ತಪ್ಪು ಎಷ್ಟು. ಕೆಲವರು ರೇಗಿದರು. ಬ್ಯಾಂಕಿನವಳು ಮುಖ ಸಿಂಡರಿಸಿ, ಮನೆಗೆ ಹೋಗುವವರೆಗೂ ಬಾಯಿ ಮುಕ್ಕಳಿಸಿದಳಂತೆ. ವನಮಾಲಾ ಮಾತ್ರ ಪದರು ಹಾಕಿಸಿಕೊಂಡ ಮೂರನೆಯ ವಾರ ಫೋನು ಮಾಡಿ, 'ಸರಕಾರ, ಸಚಿವ, ಸೋಮವಾರ' ಎಂದು ಸಿಳ್ಳೆಯಿಲ್ಲದೆ ಓದಿ ಕೇಳಿಸಿದಳು.

ಕೊಪ್ಪರ ಮೇಷ್ಟ್ರು ಕುರ್ಚಿಯಲ್ಲಿ ಕೂತರು, ಬಾಯಿ ತೆರೆಯಲಿಲ್ಲ.

"ಡಾಕ್ಟ್ರ, ನಂದು ಇರ್ಲಿ ಬಿಡ್ರಿ," ಎಂದರು. "ನನ್ನ ಮನಿಯಾಕಿ ಈಗ ತನ್ನ ಕುಪ್ಪಸದ ಹುಕ್ಕೂ ನನ್ನ ಕಡೇನ ಹಚ್ಚಿಸ್ಕೋತಾಳ. ಮೂವತ್ತು ವರ್ಷದಾಗ ನಾವು ಇಷ್ಟು ಹೊತ್ತು ಒಂದ ಕಡೆ ಕೂತದ್ದಿಲ್ಲ. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ಹೇಳ್ರಿ."

ದಾಕ್ಷಾಯಣಿ ಅವರ ಹೆಸರಿನ ಮುಂದೆ 'ರೋಗಿ ಒಪ್ಪಲಿಲ್ಲ' ಎಂದು ಬರೆದಳು. ರೋಗವೇನು ಎಂಬ ಕಾಲಮಿನ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಳು.

ಮುಂದಿನ ರವಿವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಅವ್ವನ ಎದುರು ನೆಲದ ಮೇಲೆ ಕೂತಳು. ಸೀರೆ ಮುಗಿಯುತ್ತ ಬಂದಿತ್ತು.

"ಅವ್ವ, ನಾ ನಿದ್ದ್ಯಾಗ ಹಲ್ಲ ಕಡೀತೀನೇನು?"

"ಹೂಂ," ಎಂದಳು ಬಸಲಿಂಗವ್ವ, ಕಣ್ಣೆತ್ತದೆ.

"ಯಾವಾಗಿಂದ?"

"ನಿಮ್ಮಪ್ಪ ಹೋದಾಗಿಂದ. ಸಾಲ್ಯಾಗ ಐದನೇತ್ತಾ ಇದ್ದಿ. ಎಲ್ಲಾದ್ರಾಗೂ ಮೊದಲನೇ ನಂಬರ್ ಬರಬೇಕು ಅಂತ ಹಟ ಹಿಡದಿ. ಅವತ್ತಿಂದ ಸುರು."

"ಒಂದ್ ಸಲಾನೂ ನನಗ ಹೇಳಲಿಲ್ಲಲ್ಲ!"

"ಹೇಳಿದ್ರ ಅದಕ್ಕೂ ಚಿಂತಿ ಮಾಡ್ತಿದ್ದಿ. ಗಲ್ಲದ ಮ್ಯಾಲ ಕೈ ಇಡ್ತಿದ್ದೆ. ನಿಲ್ಲಸ್ತಿದ್ದಿ."

ದಾಕ್ಷಾಯಣಿಗೆ ಏನೂ ನೆನಪಿರಲಿಲ್ಲ. ಒಂದೇ ಒಂದು ಸಲವೂ ನೆನಪಿರಲಿಲ್ಲ. "ಮತ್ತ ಈಗ?" ಎಂದಳು.

ಬಸಲಿಂಗವ್ವ ಸೂಜಿಯನ್ನು ಬಟ್ಟೆಯಲ್ಲಿ ಚುಚ್ಚಿ ನಿಲ್ಲಿಸಿದಳು. "ಈಗ ನೀ ಬಾಗಲಾ ಹಾಕ್ಕೊಂಡ ಮಲಗ್ತಿ," ಎಂದಳು.

ಅದರಲ್ಲಿ ದೂರು ಇರಲಿಲ್ಲ. ಅದಕ್ಕೇ ದಾಕ್ಷಾಯಣಿಗೆ ತಡೆಯಲಾಗಲಿಲ್ಲ. ಅವಳು ಅಲ್ಲೇ, ಚಂದ್ರಕಾಳಿ ಸೀರೆಯ ಪಕ್ಕದಲ್ಲಿ, ಬರಿ ನೆಲದ ಮೇಲೆ ಮೈಚಾಚಿದಳು. ಬಿಸಿಲು ಹೊಸ್ತಿಲ ಹತ್ತಿರ ಇತ್ತು. ಅವ್ವ ದಾರ ಹರಿದ ಸದ್ದು ಕೇಳಿಸಿತು. ಆಮೇಲೆ ಏನಾಯಿತೋ ಅವಳಿಗೆ ತಿಳಿಯದು, ನಿದ್ದೆ ಬಂದಿತ್ತು. ಎಚ್ಚರಾದಾಗ ಇಳಿಹೊತ್ತು. ಸೀರೆಯ ಮೇಲೆ ಆನೆಯ ಸಾಲು ಮಧ್ಯಾಹ್ನ ಎಲ್ಲಿತ್ತೋ ಅಲ್ಲೇ ಇತ್ತು, ಒಂದು ಹೊಲಿಗೆಯೂ ಮುಂದೆ ಹೋಗಿರಲಿಲ್ಲ. ಅವ್ವನ ಕೈ ಅವಳ ಗಲ್ಲದ ಮೇಲಿತ್ತು.

ಅವತ್ತಿನಿಂದ ದಾಕ್ಷಾಯಣಿ ಕೋಣೆಯ ಬಾಗಿಲು ಹಾಕುವುದನ್ನು ಬಿಟ್ಟಳು.

ನಾಲ್ಕು ತಿಂಗಳಾದ ಮೇಲೆ ಕಸ್ತೂರಕ್ಕ, ಯಾರೂ ಹೇಳದಿದ್ದರೂ, ವಾಟಗ ಹಿಡಿದು ಬಂದು ಮೇಡಮ್ಮರ ಹಲ್ಲಿನಿಂದ ಮತ್ತೊಮ್ಮೆ ಚೂರು ಕೆರೆದುಕೊಂಡು ಹೋದಳು. ಮೂರನೆಯ ದಿನ ಕೃತಕ ದವಡೆಯ ಹಲ್ಲು ಸೂಕ್ಷ್ಮದರ್ಶಕದ ಕೆಳಗೆ ಬಂತು. ಚಪ್ಪಟೆಯಾಗಿದ್ದ ಜಾಗದಲ್ಲಿ, ಕೂದಲೆಳೆಯಷ್ಟು, ಹೊಸ ಅಂಚು ಏಳುತ್ತಿತ್ತು. ದಾಕ್ಷಾಯಣಿ ಮೂರು ಸಲ ಅಳೆದಳು. ಏಳು ಹೆಪ್ಪಿಗೆ ಮರೆಯದ್ದು ಈಗ ಯಾಕೆ ಮರೆಯಿತೆಂದು ಅವಳಿಗೆ ಗೊತ್ತಾಗಲಿಲ್ಲ.

"ಏನ್ ಔಷಧ ತಗೊಂಡ್ರಿ ಮೇಡಮ್? ಪುಸ್ತಕದಾಗ ಬರೀಬೇಕಲ್ಲ," ಎಂದಳು ಕಸ್ತೂರಕ್ಕ.

ಪ್ರಯೋಗದ ಪುಸ್ತಕದಲ್ಲಿ 'ಚಿಕಿತ್ಸೆ' ಎಂಬ ಕಾಲಮು ಖಾಲಿ ಇತ್ತು. ದಾಕ್ಷಾಯಣಿ ಪೆನ್ನು ತೆಗೆದುಕೊಂಡು 'ಅವ್ವನ ಕೈ' ಎಂದು ಬರೆದಳು. ಬರೆದ ಮೇಲೆ ಅದನ್ನು ಹೊಡೆದುಹಾಕಬೇಕೋ ಬೇಡವೋ ತಿಳಿಯದೆ, ಪುಸ್ತಕವನ್ನು ತೆರೆದೇ ಇಟ್ಟು ಮುಂದಿನ ರೋಗಿಯನ್ನು ಕರೆದಳು.